ಹದಿನೇಳನೇ ಮನೆಯ ಹೆಣ್ಣು ಮಗು

ಮಾನ್ಯ ದಾಖಲೆ ಅಧಿಕಾರಿಗಳೇ,

ನನ್ನ ತಮ್ಮನ ಮಗಳು ಹೂವಮ್ಮ ಎಲ್ಲಾದರೂ ಹುಟ್ಟಿದ್ದಾಳೆಂದು ತಾವು ಇನ್ನೂ ಒಪ್ಪಿಲ್ಲ. ಮೂರು ಅರ್ಜಿ ಕೊಟ್ಟಾಯಿತು. ಬರುವ ಇಪ್ಪತ್ತೆಂಟಕ್ಕೆ ಮಂಗಳೂರಿನಲ್ಲಿ ಹೆಂಗಸರ ದೇಹದಾರ್ಢ್ಯ ಸ್ಪರ್ಧೆ. ಹುಟ್ಟಿದ ಊರಿನ ದಾಖಲೆ ಇಲ್ಲದೆ ಹೆಸರು ಸೇರಿಸುವುದಿಲ್ಲವೆಂದು ಅಲ್ಲಿಯವರು ಬರೆದಿದ್ದಾರೆ. ಗೆದ್ದರೆ ಕಾರ್ಖಾನೆಯೊಂದರಲ್ಲಿ ಕ್ರೀಡಾಪಟುಗಳ ಕೋಟಾದಲ್ಲಿ ಕೆಲಸವಿದೆ. ನಾನು ಇದುವರೆಗೆ ಕಾಗದ ಬರೆದದ್ದೆಲ್ಲ ನೆಂಟರಿಷ್ಟರಿಗೆ, ಕ್ಷೇಮ ಕೇಳಿಯೇ ಶುರುಮಾಡುವವನು. ಈ ಸಲ ಅದನ್ನು ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ.

೧೯೬೪ರಲ್ಲಿ ಅಣೆಕಟ್ಟಿನ ನೀರು ಸಾಗರ ಸೀಮೆಯ ನಮ್ಮ ಊರಿಗೆ ಬಂತು. ಹೂವಮ್ಮನಿಗೆ ಆಗ ಮೂರು ವರ್ಷ. ನಾಲ್ಕು ಮನೆಗೆ ಒಂದು ಲಾರಿ. ಊರ ಹುಡುಗರು ತಾಕತ್ತು ನೋಡಿಕೊಳ್ಳಲು ಎತ್ತುತ್ತಿದ್ದ ಗುಂಡುಕಲ್ಲನ್ನು ಬಿಟ್ಟು ಬರುವುದಿಲ್ಲವೆಂದು ತಮ್ಮ ಮಾಸ್ತಪ್ಪ ಹಟ ಹಿಡಿದ. ಜಾಗವಿರಲಿಲ್ಲ. ಕಾಗದಪತ್ರದ ಪೆಟ್ಟಿಗೆಯನ್ನು ಕೆಳಗಿಳಿಸಿದವನು ನಾನು. "ಕಾಗದ ಮತ್ತೆ ಮಾಡಿಸ್ಕೊಂಡ್ರಾಯ್ತು ಮಾರಾಯ, ಸರ್ಕಾರ ಇಲ್ವಾ? ಕಲ್ಲು ಹತ್ಸು" ಅಂದೆ. ಪೆಟ್ಟಿಗೆ ಮುಂದಿನ ಲಾರಿಗೆ ಅಂದುಕೊಂಡೆವು. ಮುಂದಿನ ಲಾರಿ ಬರಲಿಲ್ಲ.

ಎರಡು ವರ್ಷ ಹೊಸನಗರದ ಕಡೆ ಗುಡಿಸಲಲ್ಲಿದ್ದು, ಅರಳಸುರಳಿಯ ಹತ್ತಿರ ಬಂದು ನೆಲೆಯಾದೆವು. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ನಮ್ಮ ಕೇರಿಗೆ ಮುಳುಗಡೆಯವರ ಕೇರಿ ಎಂದೇ ಹೆಸರು. ಹೂವಮ್ಮ ಹತ್ತನೇ ವಯಸ್ಸಿಗೆ ಅಂಗಳದ ಆ ಕಲ್ಲನ್ನು ಅಲುಗಿಸಿದಳು, ಹದಿನಾರಕ್ಕೆ ಹೆಗಲಿಗೇರಿಸಿದಳು. "ನಿನ್ನ ಯಾರೇ ಮದುವೆ ಆಗ್ತಾರೆ?" ಎಂದು ಅವಳ ತಾಯಿ ಶಾಂತಮ್ಮ ಕೇಳಿದರೆ, "ಈ ಕಲ್ಲು ಎತ್ತೋನು ಬರ್ಲಿ, ಯೋಚ್ನೆ ಮಾಡ್ತೀನಿ" ಅನ್ನುತ್ತಿದ್ದಳು. ತೀರ್ಥಹಳ್ಳಿಯಲ್ಲಿ ಗರಡಿ ನಡೆಸುವ ಮಂಜುನಾಥಪ್ಪನವರು ಗಂಡಸರು ಹೋದ ಮೇಲೆ ಇವಳಿಗಾಗಿ ಬಾಗಿಲು ತೆರೆದಿಟ್ಟು ಕಲಿಸಿದರು. ಹೋದ ವರ್ಷ ಶಿವಮೊಗ್ಗದ ಸ್ಪರ್ಧೆಯಲ್ಲಿ ಎರಡನೆಯವಳಾದಳು.

ಮೊದಲ ಅರ್ಜಿಗೆ ತಾವು ಆ ಊರಿನ ಗ್ರಾಮಲೆಕ್ಕಿಗರ ವರದಿ ಕೇಳಿದಿರಿ. ನೀರಿನಡಿಯ ಊರಿಗೂ ಗ್ರಾಮಲೆಕ್ಕಿಗರನ್ನು ನೇಮಿಸಿದ್ದರೆ ತಿಳಿಸಿ, ದೋಣಿ ನಾವೇ ತರುತ್ತೇವೆ. ಎರಡನೆಯದಕ್ಕೆ ಪಕ್ಕದ ತಾಲೂಕಿಗೆ ಕಳಿಸಿದಿರಿ, ಅವರು ತಮ್ಮಲ್ಲಿಗೇ ಕಳಿಸಿದರು. ಮೂರನೆಯ ಸಲ ಹೂವಮ್ಮನೇ ಬಂದು ನಿಂತಳು.

"ಊರೇ ಇಲ್ಲ ಅಂದ್ಮೇಲೆ ಅಲ್ಲಿ ಹುಟ್ಟಿದ್ದು ಅಂತ ಹ್ಯಾಗಮ್ಮ ಬರೀಲಿ?" ಅಂದಿರಿ.

"ಊರು ಇದ್ದಾಗ ಹುಟ್ಟಿದ್ದು ಸಾರ್."

ತಾವು ಅವಳ ತೋಳು ನೋಡಿ ನಕ್ಕು, "ಇಷ್ಟು ಶಕ್ತಿ ಇದೆ, ಇನ್ನೆರಡು ಸಲ ಓಡಾಡು" ಅಂದಿರಿ.

ಮುಳುಗಿಸುವಾಗ ಅಲ್ಲೊಂದು ಊರಿದೆಯೆಂದು ಸರ್ಕಾರಕ್ಕೆ ಗೊತ್ತಿತ್ತಲ್ಲವೇ? ಮನೆಮನೆಯ ಬಾಗಿಲಿಗೆ ನಂಬರು ಬರೆದವರು ತಮ್ಮ ಇಲಾಖೆಯವರೇ ಅಲ್ಲವೇ? ಇದನ್ನು ಸಿಟ್ಟಿನಿಂದ ಕೇಳಬೇಕಿತ್ತು. ಸಿಟ್ಟು ಬರುತ್ತಿಲ್ಲ. ಹೂವಮ್ಮ ಅಂದಿನಿಂದ ಕಲ್ಲು ಮುಟ್ಟಿಲ್ಲ. ಶಾಂತಮ್ಮ ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಾಳೆ. ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇವೆ.

ಮುಳುಗಡೆ ಮನೆಗಳ ರಿಜಿಸ್ಟರು ತಮ್ಮ ಕುರ್ಚಿಯ ಹಿಂದಿನ ಬೀರುವಿನಲ್ಲಿದೆ, ಅರ್ಜಿ ಕೊಡಲು ಬಂದಾಗ ಕಂಡಿದ್ದೇನೆ. ನಮ್ಮದು ಹದಿನೇಳನೇ ಮನೆ. ಕೊನೆಯ ಸಾಲಿನಲ್ಲಿ "ಹೆಣ್ಣು ಮಗು, ಮೂರು ವರ್ಷ, ಇದೇ ಊರಿನಲ್ಲಿ ಜನನ" ಎಂದಿರಬೇಕು. ಅದನ್ನು ಬರೆಸಿದವನೂ ನಾನೇ. ಇಪ್ಪತ್ತನೇ ತಾರೀಖಿನೊಳಗೆ ಅದರ ನಕಲು ತೆಗೆಸಿ ಸಹಿ ಹಾಕಿ ಕೊಡಿ. ತಾವು ಏಳಬೇಕು, ತಿರುಗಬೇಕು, ಬೀರು ತೆಗೆಯಬೇಕು. ನಾನು ಕೇಳುತ್ತಿರುವುದು ಅಷ್ಟೇ.

ಇಂತಿ,
ಅಂದು ಪೆಟ್ಟಿಗೆ ಕೆಳಗಿಳಿಸಿದ
ಕೆರಿಯಪ್ಪ
ಮುಳುಗಡೆಯವರ ಕೇರಿ, ೧೯೮೪