ಗರ್ನಲ್ ಬೇಡ ಎಂದದ್ದು

3 ಮಾರ್ಚ್ 1964, ಬೆಳಿಗ್ಗೆ
ಸೀತುವಿನ ನಾಡಿ ಹಿಡಿದು ನೋಡಿದೆ. ಈಗ ಸರಿ ಉಂಟು. ನಿನ್ನೆ ಹಂಡೆ ಬಿದ್ದ ಸದ್ದಿಗೆ ತಂಗಿ ಮತ್ತೆ ಪ್ರಜ್ಞೆ ತಪ್ಪಿದಳು. ಅಪ್ಪನ ತಂಗಿ ಪೂವಮ್ಮ ಅತ್ತೆ ಹೀಗೇ ಬಿದ್ದವರು ಏಳಲಿಲ್ಲ. ಅಮ್ಮನಿಗೆ ಇದೆಲ್ಲ ಭೂತದ ಉಪದ್ರ. ನಾಳೆ ಮಂಗಳೂರಿಗೆ — ಯಾರು ತಡೆದರೂ.

5 ಮಾರ್ಚ್
ಇ.ಸಿ.ಜಿ. ತೆಗೆದರು. ಹೃದಯ ತಾಳ ತಪ್ಪುತ್ತದೆ, ವಂಶದಲ್ಲೇ ಬಂದದ್ದು, ಮದ್ದು ತನಗೆ ತಿಳಿಯದು ಎಂದರು ಡಾಕ್ಟರು. ಹಠಾತ್ ಸದ್ದು ಆಗಬಾರದು. ಅಷ್ಟೆ. ಮೂಢನಂಬಿಕೆ ಬೇಡ ಎಂದು ನಾನು ಊರೆಲ್ಲ ಹಂಚುವ ಕರಪತ್ರಗಳ ವಿಜ್ಞಾನ ಎಲ್ಲಿಯೂ ಹೀಗೆ ಕೈಚೆಲ್ಲಿರಲಿಲ್ಲ.

12 ಏಪ್ರಿಲ್
ಸೀತುವಿನ ಮದುವೆ ಗಟ್ಟಿ. ಹುಡುಗ ಅರಂತೋಡಿನ ಚೆನ್ನಪ್ಪ. ರೋಗ ಮುಚ್ಚಿಟ್ಟರೆ ಮೋಸ, ಹೇಳಿಯೇ ಹೇಳುತ್ತೇನೆ ಎಂದು ಕೂಗಾಡಿದೆ. ಅಮ್ಮ ಮಾತು ಬಿಟ್ಟರು. ಸೀತು ಹಿಂದಿನ ಜಗಲಿಗೆ ಕರೆದಳು.
"ಹೇಳಬೇಡ ಅಣ್ಣ. ಇಲ್ಲಿ ಎಲ್ಲರೂ ನನ್ನನ್ನು ಒಡೆದ ಮಡಕೆಯ ಹಾಗೆ ನೋಡುದು. ಅವರೊಬ್ಬರು ಹಾಗೆ ನೋಡಲಿಲ್ಲ."
ಮಾತು ಕೊಟ್ಟೆ.

20 ಏಪ್ರಿಲ್
ದಿಬ್ಬಣ ಬರುವಾಗ ಗರ್ನಲ್ ಬಿಡುತ್ತಾರಂತೆ. ಗುಡ್ಡ ಅದುರಿಸುವ ಪಟಾಕಿ. ಕಬಕದಲ್ಲಿ ಬಸ್ಸು ಹತ್ತಿ ಅರಂತೋಡಿಗೆ ಹೋದೆ. ಹುಡುಗನ ಸೋದರಮಾವ ಕುಕ್ಕಪ್ಪಣ್ಣನದೇ ಯಜಮಾನಿಕೆ. ನಿಜ ಹೇಳುವ ಹಾಗಿಲ್ಲ. ದುಂದುವೆಚ್ಚ, ಬಡವರ ಹಸಿವು, ಸರಳ ವಿವಾಹ... ಎಂದೆಲ್ಲ ಹೇಳಿದೆ. ಅವರು ಎಲೆಯಡಿಕೆ ಉಗಿದು ನಕ್ಕರು.
"ಸುಳ್ಯ ಪೇಟೆಯಲ್ಲಿ ಇದೇ ಭಾಷಣ ಕೊಟ್ಟದ್ದು ನೀವೇ ಅಲ್ವಾ ಮಾರಾಯ್ರೆ? ನಿಮ್ಮ ಮದುವೆಗೆ ಒಂದು ಬೀಡಿ ಹೊತ್ತಿಸಿ, ಸಾಕು. ನಮ್ಮದಕ್ಕೆ ಗರ್ನಲ್ ಉಂಟು."
ಜಗಲಿ ತುಂಬ ನಗು. ಸಿಟ್ಟು ಬಂತು. ಇನ್ನೂ ಜೋರಾಗಿ ಭಾಷಣ ಮಾಡಿದೆ. ಹೊರಡುವಾಗ ಹೇಳಿದರು — ನನ್ನ ಹೆಸರಿನಲ್ಲಿ ಒಂದು ಹೆಚ್ಚಿಗೆ ಬಿಡುತ್ತಾರಂತೆ.

8 ಮೇ, ಸಂಜೆ
ನಾಳೆ ಮದುವೆ. ಕಿವಿಗೆ ಇಟ್ಟುಕೊಳ್ಳಲು ಸೀತುವಿಗೆ ಹತ್ತಿ ಕೊಟ್ಟೆ. ಮದುಮಗಳ ಕಿವಿಯನ್ನೇ ಎಲ್ಲರೂ ನೋಡುದಲ್ವಾ ಎಂದು ನಕ್ಕಳು. ದಿಬ್ಬಣಕ್ಕೆ ಎದುರು ಹೋಗಿ ಹೇಳಿಬಿಡಲಾ? ಮಾತು ಮುರಿದರೆ ಮದುವೆಯೂ ಮುರಿಯುತ್ತದೆ. ಅವಳು ಇಷ್ಟು ನಕ್ಕು ಎಷ್ಟು ಕಾಲವಾಯಿತು... ಇಲ್ಲ. ಹೇಳುವುದಿಲ್ಲ.

21 ಮೇ
ಸೀತುವಿನ ಉತ್ತರಕ್ರಿಯೆ. ಮೊದಲ ಗರ್ನಲಿಗೇ ಬಿದ್ದಿದ್ದಳು. ಧಾರೆ ಆಗಿರಲಿಲ್ಲ. ಅಮ್ಮ ಇಂದು ಕುಕ್ಕಪ್ಪಣ್ಣನಿಗೆ ಎಲ್ಲ ಹೇಳಿದರು. ಊಟ ಮುಗಿದರೂ ಅವರು ಏಳಲಿಲ್ಲ. ನನ್ನ ಕೈ ಹಿಡಿದುಕೊಂಡರು.
"ಒಂದು ಮಾತು ಹೇಳಿದ್ದರೆ ಕಡ್ಡಿಯೂ ಗೀರುತ್ತಿರಲಿಲ್ಲ. ನೀವು ಎಲ್ಲದಕ್ಕೂ ಬೇಡ ಹೇಳುವವರು ಅಂತ ನಾನು..."
ಹೇಳಿದ್ದೆನಲ್ಲ ಎಂದೆ. ಬೇಡ ಎಂದು ನಿಮ್ಮ ಜಗಲಿಯಲ್ಲಿ ನಿಂತು ಹೇಳಿದ್ದೆ. ಆದರೆ ನಾನು ಹೇಳಿದ್ದು ದುಂದುವೆಚ್ಚದ ಭಾಷಣ; ಸೀತುವಿನ ಹೃದಯದ ಮಾತು —