ಏಳನೇ ಕುರ್ಚಿಗೆ ಡಾಕ್ಟರು

ಫೆಬ್ರವರಿ 4, ಬೆಳಿಗ್ಗೆ

ನಿನ್ನೆ ಸಂಜೆ, ಫೆಬ್ರವರಿ ಮೂರರಂದು, ನಮ್ಮ ವನ್ಯಜೀವಿ ಸಂಘ ತಾನು ಹುಟ್ಟಿದ ಕಾರಣಕ್ಕೇ ಬೆನ್ನು ತಿರುಗಿಸಿತು. ಜವುಗಿನ ನಡುವೆ ಬರಲಿರುವ ರಸ್ತೆಗೆ ಆಕ್ಷೇಪ ಸಲ್ಲಿಸಬೇಕೇ ಬೇಡವೇ? ಬೇಕು ಎಂದು ನನ್ನದೂ ಸೇರಿ ಮೂರು ಕೈ, ಬೇಡ ಎಂದು ಮೂರು. ಮಂಡಳಿಯ ಏಳನೇ ಕುರ್ಚಿ ಖಾಲಿ. ಅಧ್ಯಕ್ಷರು — ನನ್ನ ಅಕ್ಕನ ಗಂಡ — "ತೀರ್ಮಾನವಾಗಿಲ್ಲ, ಮುಂದಿನ ವಿಷಯ" ಎಂದರು. ಮುಂದಿನ ವಿಷಯ, ಕ್ಯಾಲೆಂಡರಿಗೆ ಯಾವ ಹಕ್ಕಿಯ ಚಿತ್ರ!

ಭಾವ ಮರೆತಿರಬಹುದು. ನಾನು ಮರೆತಿಲ್ಲ. ಹಳೇ ಸೇತುವೆಯ ಬಳಿ ಲಾರಿಗೆ ಸಿಕ್ಕಿದ ನೀರುನಾಯಿಯನ್ನು ಅಂಗಿ ಬಿಚ್ಚಿ ಸುತ್ತಿಕೊಂಡು ತಂದವರು ಅವರೇ. ಬನಿಯನ್ನಿನಲ್ಲೇ ನಾನು ಕೆಲಸಕ್ಕಿದ್ದ ಲೈಬ್ರರಿಗೆ ನುಗ್ಗಿ, ಓದುತ್ತಿದ್ದವರ ನಡುವೆ ನಿಂತು ಅತ್ತಿದ್ದರು. ಆ ವಾರವೇ ಸಂಘ ಶುರುವಾಯಿತು. ಹತ್ತೊಂಬತ್ತು ವರ್ಷ ಆಯಿತು.

ನಿನ್ನೆ ಸಭೆ ಮುಗಿದ ಮೇಲೆ ಅವರನ್ನು ಮೆಟ್ಟಿಲ ಮೇಲೆ ತಡೆದೆ.

"ಏಳನೆಯವರನ್ನ ತಗೊಳ್ಳಿ ಭಾವ. ಆಮೇಲೆ ಮತ್ತೆ ಕೈ ಎತ್ಸಿ."

"ಪುಕ್ಕಟೆ ದುಡಿಯೋಕೆ ಯಾರಯ್ಯಾ ಬರ್ತಾರೆ? ನೀನೇ ಹುಡುಕ್ಕೊಂಡು ಬಾ. ಲೈಬ್ರರೀಲಿ ಕಳೆದ ಪುಸ್ತಕ ಹುಡುಕ್ತಿದ್ದೆಯಲ್ಲ, ಹಾಗೆ."

ಹುಡುಕುತ್ತೇನೆ.

ಫೆಬ್ರವರಿ 7

ಏಳನೇ ಕುರ್ಚಿಗೆ ನಾನು ಕೊಟ್ಟ ಜಾಹೀರಾತು ನೋಡಿ ಇಬ್ಬರು ವಿಚಾರಿಸಿದರು. ಒಬ್ಬರಿಗೆ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿಕೊಳ್ಳಲು ಒಂದು ಹುದ್ದೆ ಬೇಕಿತ್ತು. ಇನ್ನೊಬ್ಬರು ಫೋನಿನಲ್ಲಿ ಕೇಳಿದ್ದು: "ಹುಲಿ ಮರಿ ಎತ್ಕೊಂಡು ಫೋಟೋ ತೆಗೆಸ್ಕೋಬಹುದಾ?" ನಮ್ಮ ಜವುಗಿನಲ್ಲಿ ಹುಲಿ! ಕಪ್ಪೆ ಆದೀತೇ ಎಂದೆ. ಫೋನ್ ಇಟ್ಟರು.

ಬೇಕಾದವರು ಒಬ್ಬರೇ. ಪ್ರಾಣಿ ಆಸ್ಪತ್ರೆಯ ಡಾಕ್ಟರು. ನೀರುನಾಯಿಗಳು ಎಲ್ಲಿ ಬಿಲ ಮಾಡುತ್ತವೆ, ಎಲ್ಲಿ ಮರಿ ಹಾಕುತ್ತವೆ ಎಂದು ವರ್ಷಗಟ್ಟಲೆ ನೋಡಿದವರು. ರಸ್ತೆಗೆ ತಮ್ಮ ಹೆಸರಿನಲ್ಲೇ ಆಕ್ಷೇಪ ಸಲ್ಲಿಸಿದ್ದಾರೆ. ಅದೊಂದೇ ಆಕ್ಷೇಪಕ್ಕೆ ತೂಕವಿದೆ, ಉಳಿದವೆಲ್ಲ ಧೂಳು, ಶಬ್ದದ ದೂರು.

ಭಾವನಿಗೆ ಫೋನ್ ಮಾಡಿದೆ. "ಆಕ್ಷೇಪ ಕೊಟ್ಟಿದ್ದಾರಲ್ಲ, ಅವರೇನಾ?" ಎಂದು ಎರಡು ಸಲ ಕೇಳಿದರು. ಆಮೇಲೆ, "ಒಳ್ಳೇ ಆಯ್ಕೆ ಕಣಯ್ಯಾ. ಇಪ್ಪತ್ತಾರಕ್ಕೆ ರಸ್ತೆಯ ಅಹವಾಲು ಸಭೆ ಇದೆಯಲ್ಲ, ಅಷ್ಟರೊಳಗೆ ಸೇರಿಸ್ಕೊಂಡ್ಬಿಡೋಣ."

ಇಷ್ಟು ಬೇಗ ಒಪ್ಪುತ್ತಾರೆ ಅಂದುಕೊಂಡಿರಲಿಲ್ಲ. ಹಳೇ ಭಾವ ಸಿಕ್ಕಿದ ಹಾಗಾಯಿತು.

ಫೆಬ್ರವರಿ 9

ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಒಂದು ಬೆಕ್ಕಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ನೋಡುತ್ತಲೇ ಮಾತು.

"ಕಮಿಟಿ ಗಿಮಿಟಿ ನನಗಾಗಲ್ಲ ಸಾರ್. ಬಿಸ್ಕತ್ತು ತಿಂದು ಕೈ ಎತ್ತೋ ಕೆಲಸ."

"ಆ ಒಂದು ಕೈಗೇ ಬಂದಿರೋದು ಡಾಕ್ಟ್ರೇ. ನೀವು ಬಂದ್ರೆ ನಾಲ್ಕಾಗುತ್ತೆ."

"ನಿಮ್ಮಲ್ಲಿ ಅದೇನೋ ರೂಲ್ ಇದೆಯಂತಲ್ಲ? ಸದಸ್ಯರು ಹೊರಗೆ ಬೇರೆ ಬೇರೆ ಮಾತಾಡ್ಬಾರ್ದು ಅಂತ? ನಾಳೆ ನನ್ನ ಬಾಯಿಗೇ ಬೀಗ ಹಾಕಿದ್ರೆ?"

ಇದೆ. ದಾನಿಗಳಿಗೆ ಗೊಂದಲವಾಗಬಾರದೆಂದು ಎಂದೋ ಮಾಡಿದ ನಿಯಮ. ಹಣದ ವಿಷಯಕ್ಕೆ ಮಾತ್ರ ಎಂದು ಅಂದು ಭಾವ ಬಾಯಿಬಿಟ್ಟು ಹೇಳಿದ್ದರು. ಅದನ್ನೇ ಹೇಳಿದೆ. "ನಾನಿದ್ದೀನಿ" ಎಂದೂ ಸೇರಿಸಿದೆ.

ಬೆಕ್ಕನ್ನು ಬುಟ್ಟಿಗೆ ಬಿಟ್ಟು ನನ್ನ ಮುಖ ನೋಡಿದರು. "ನಿಮ್ಮ ಮಾತಿನ ಮೇಲೆ ಬರ್ತೀನಿ. ಅವರ ಮಾತಿನ ಮೇಲಲ್ಲ."

ಫೆಬ್ರವರಿ 13

ಸಂದರ್ಶನ. ಖಜಾಂಚಿ ಮೀಸೆ ತಿರುವುತ್ತಾ, "ನಿಮ್ಮಿಂದ ಸಂಘಕ್ಕೇನು ಪ್ರಯೋಜನ?" ಎಂದರು.

"ಕಚ್ಚೋ ಪ್ರಾಣೀನ ಹೇಗೆ ಹಿಡೀಬೇಕು ಅಂತ ಗೊತ್ತು. ಮೀಟಿಂಗಲ್ಲಿ ಉಪಯೋಗಕ್ಕೆ ಬರ್ಬಹುದು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಭಾವ. ಡಾಕ್ಟರು ನಗಲಿಲ್ಲ.

"ನಾನು ಕೊಟ್ಟಿರೋ ಆಕ್ಷೇಪ?"

"ಅದು ನಿಮ್ಮ ಸ್ವಂತದ್ದಮ್ಮ. ಅದಕ್ಕೂ ಇದಕ್ಕೂ ಏನು ಸಂಬಂಧ?" ಭಾವ ಎರಡೂ ಕೈ ಅಗಲಿಸಿ ಹೇಳಿದರು.

ಡಾಕ್ಟರು ನನ್ನ ಕಡೆ ತಿರುಗಿದರು. ತಲೆಯಾಡಿಸಿದೆ. ಒಪ್ಪಿಕೊಂಡರು. ಹೂಗುಚ್ಛ, ಫೋಟೋ. ಫೋಟೋದಲ್ಲಿ ನಾನು ಮಧ್ಯೆ, ಹಲ್ಲು ಕಿರಿದುಕೊಂಡು.

ಫೆಬ್ರವರಿ 18

ಮಂಡಳಿ ಸಭೆ ಇಪ್ಪತ್ತೆಂಟಕ್ಕಂತೆ. ಅಹವಾಲು ಮುಗಿದ ಮೇಲೆ ಕೈ ಎತ್ತಿ ಏನುಪಯೋಗ? ಕೇಳಿದರೆ, "ಹಾಲ್ ಸಿಗ್ಲಿಲ್ಲ." ನಮ್ಮ ಸಭೆಗೆ ಎಂದಿನಿಂದ ಹಾಲ್ ಬೇಕಾಯಿತು? ಖಜಾಂಚಿಯ ಊಟದ ಮೇಜು ಸಾಕಾಗುತ್ತಿತ್ತು. ಹೋಗಲಿ. ಡಾಕ್ಟರ ಆಕ್ಷೇಪವಂತೂ ಇದೆ.

ಫೆಬ್ರವರಿ 26, ಸಂಜೆ

ಬರೆಯಲು ಕೈ ಬರುತ್ತಿಲ್ಲ... ಆದರೂ.

ಅಹವಾಲು ಸಭೆ. ಅಧಿಕಾರಿ ಆಕ್ಷೇಪ ಕೊಟ್ಟವರ ಹೆಸರು ಒಂದೊಂದಾಗಿ ಕರೆದರು. ಧೂಳಿನವರು ಬಂದರು, ಶಬ್ದದವರು ಬಂದರು. ಡಾಕ್ಟರು ನಕ್ಷೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಲೇ ಇದ್ದರು. ಹೆಸರು ಬರಲೇ ಇಲ್ಲ. ಎದ್ದು ಕೇಳಿದರು.

"ನಿಮ್ಮದು ಪ್ರತ್ಯೇಕ ಇಲ್ಲವಲ್ಲ ಮೇಡಂ. ನೀವು ಸಂಘದ ಮಂಡಳಿಯಲ್ಲಿದ್ದೀರಿ. ನಿಮ್ಮೆಲ್ಲರ ಪರವಾಗಿ ಅಧ್ಯಕ್ಷರೊಬ್ಬರೇ ಮಾತಾಡ್ತಾರೆ ಅಂತ ಅವರೇ ಬರೆದು ತಿಳಿಸಿದ್ದಾರೆ. ನಿಮ್ಮ ಸಂಘದ ನಿಯಮವೇ ಹಾಗಂತೆ."

ಭಾವ ಎದ್ದರು. ಇಸ್ತ್ರಿ ಮಾಡಿದ ಅಂಗಿ. ಸಂಘಕ್ಕೆ ಆಕ್ಷೇಪವಿಲ್ಲ, ರಸ್ತೆಯ ಬದಿಯಲ್ಲಿ ಎಚ್ಚರಿಕೆ ಫಲಕ ಹಾಕಿದರೆ ಸಾಕು ಎಂದರು. ಕೂತರು. ಒಂದು ನಿಮಿಷದ ಕೆಲಸ.

ಡಾಕ್ಟರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಅಧಿಕಾರಿಯ ಹಿಂದೆ ಓಡಿದೆ. ಕಾರಿನ ಬಾಗಿಲು ಹಿಡಿದುಕೊಂಡೇ ಹೇಳಿದರು: "ಡಾಕ್ಟರು ಆಕ್ಷೇಪ ಬಿಟ್ಟುಕೊಟ್ಟಿಲ್ಲ ಅಂತ ನಿಮ್ಮ ಅಧ್ಯಕ್ಷರೇ ಹೇಳಬೇಕು. ಮಾರ್ಚ್ ಹದಿನೈದರ ಒಳಗೆ ಹೇಳಿದರೆ ಮತ್ತೆ ಕರೆದು ಕೇಳ್ತೀನಿ. ಮಂಡಳಿಯ ಪರ ಬರೆದುಕೊಟ್ಟವರು ಅವರು, ಡಾಕ್ಟರೇ ಬಂದು ಹೇಳಿದರೂ ಆಗಲ್ಲ."

ಫೆಬ್ರವರಿ 27

ಭಾವನ ಮನೆ. ಟೀವಿ ಆರಿಸಲೂ ಇಲ್ಲ.

"ಆಕ್ಷೇಪ ಮಾಡೋ ತೀರ್ಮಾನ ಆಗಿರ್ಲಿಲ್ಲ. ಅಂದ್ರೆ ಆಕ್ಷೇಪ ಇಲ್ಲ ಅಂತ ತಾನೆ? ನಾನು ಸುಳ್ಳೇನು ಹೇಳ್ದೆ?"

"ಡಾಕ್ಟ್ರನ್ನ ಸೇರಿಸ್ಕೊಂಡಿದ್ದು ಇದಕ್ಕೇನಾ ಭಾವ?"

"ನೀನೇ ಕರ್ಕೊಂಡು ಬಂದೆಯಲ್ಲಯ್ಯಾ! ನಾನು ಬೇಡ ಅನ್ನಲಿಲ್ಲ ಅಷ್ಟೆ." ಸ್ವಲ್ಪ ತಗ್ಗಿದ ದನಿಯಲ್ಲಿ, "ರಸ್ತೆ ಹೇಗಿದ್ರೂ ಬರುತ್ತೆ. ಅಡ್ಡ ಬರದಿದ್ರೆ ರಸ್ತೆ ಮಾಡೋರೇ ಸಂಘಕ್ಕೆ ಒಂದು ಪ್ರಾಣಿ ಚಿಕಿತ್ಸಾ ಕೇಂದ್ರ ಕಟ್ಟಿಸಿಕೊಡ್ತಾರೆ. ಹತ್ತೊಂಬತ್ತು ವರ್ಷ ಕ್ಯಾಲೆಂಡರ್ ಹಂಚಿದ್ದೀನಿ. ಸಾಯೋ ಮುಂಚೆ ಒಂದು ಕಟ್ಟಡ ಬೇಡ್ವಾ?"

"ಮೊದಲು ಮೈಮೇಲೆ ಲಾರಿ ಹತ್ತಿಸೋದು, ಆಮೇಲೆ ಬ್ಯಾಂಡೇಜು."

"ಪುಸ್ತಕದ ಮಾತು ನಿಲ್ಲಿಸು!"

ಅಕ್ಕ ಕಾಫಿ ತಂದಿಟ್ಟಳು. "ಹೋಗ್ಲಿ ಬಿಡೋ. ಹೊರಗಿನವರಿಗೋಸ್ಕರ ಇವರ ಹತ್ರ ಕುಸ್ತಿಗೆ ನಿಲ್ತೀಯಾ?"

ಕುಡಿಯದೆ ಎದ್ದು ಬಂದೆ. ಆ ಮನೆಯಲ್ಲಿ ಮೊದಲ ಸಲ.

ಸಿಟ್ಟು ಕೇಂದ್ರದ ಮೇಲಲ್ಲ, ರಸ್ತೆಯ ಮೇಲೂ ಅಲ್ಲ. ರಸ್ತೆ ಬೇಕೆನ್ನುವವರು ಬೇಕೆನ್ನಲಿ, ವಾದ ಮಾಡಬಹುದು. ಇವರು ವಾದಕ್ಕೇ ಬರಲಿಲ್ಲ. ಮಾತನಾಡಬಲ್ಲ ಒಬ್ಬರನ್ನು ಹೂಗುಚ್ಛ ಕೊಟ್ಟು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಕರೆಯಲು ಕಳಿಸಿದ್ದು ನನ್ನನ್ನು. ನನ್ನ ಮುಖ ನೋಡಿದರೆ ಡಾಕ್ಟರು ನಂಬುತ್ತಾರೆಂದು ಭಾವನಿಗೆ ಗೊತ್ತಿತ್ತು.

ಮಾರ್ಚ್ 3

ಇಪ್ಪತ್ತೆಂಟರ ಸಭೆಯನ್ನೂ ಭಾವ ರದ್ದು ಮಾಡಿದರು. ಡಾಕ್ಟರು ಫೋನ್ ಎತ್ತುವುದಿಲ್ಲ. ಆಸ್ಪತ್ರೆಗೇ ಹೋದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನೀವು ಮೋಸ ಮಾಡಿದ್ರಿ ಅಂತ ಅಂದ್ಕೊಂಡಿಲ್ಲ ಸಾರ್. ನಿಮ್ಮನ್ನ ನಂಬಿದೆ, ನೀವು ಅವರನ್ನ ನಂಬಿದ್ರಿ. ಆದ್ರೆ ಈಗ ಮರಿ ಹಾಕೋ ಕಾಲ. ಬಿಲದಲ್ಲಿರೋವಕ್ಕೆ ಯಾರ ಕಥೆ ಹೇಳ್ಲಿ?"

"ಎಂಟಕ್ಕೆ ವಾರ್ಷಿಕ ಸಭೆ. ಎಲ್ಲರೆದುರು ಕೇಳ್ತೀನಿ."

"ಮನೆಯವರನ್ನಾ?"

"ಅಧ್ಯಕ್ಷರನ್ನ."

ಮಾರ್ಚ್ 8, ಸಭೆಯಲ್ಲಿ

ಖಜಾಂಚಿ ವರದಿ ಓದುತ್ತಿದ್ದಾರೆ. ಹಿಂದಿನ ಸಾಲಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಹಾಲ್ ತುಂಬಿದೆ, ಪತ್ರಿಕೆಯವರೂ ಇಬ್ಬರು ಬಂದಿದ್ದಾರೆ. ಡಾಕ್ಟರು ಬಾಗಿಲ ಬಳಿ, ಕೂರದೆ ನಿಂತಿದ್ದಾರೆ. ಬೆಳಿಗ್ಗೆ ಅಕ್ಕ ಫೋನ್ ಮಾಡಿ ಅತ್ತಳು. "ಇವತ್ತು ಬಾಯಿ ಬಿಟ್ರೆ ಈ ಮನೆ ಮೆಟ್ಟಿಲು ಹತ್ತಬೇಡ." ಸರಿ ಅಕ್ಕ ಎಂದೆ.

ಮುಂದಿನದು ಸದಸ್ಯರ ಪ್ರಶ್ನೆಗಳು, ಮೊದಲ ಸರದಿ ನನ್ನದು. ಭಾವ ವೇದಿಕೆಯಿಂದಲೇ ಕೈಯಾಡಿಸುತ್ತಿದ್ದಾರೆ — ಆಮೇಲೆ, ಮನೆಯಲ್ಲಿ ಮಾತಾಡೋಣ ಎಂಬಂತೆ.

ಮನೆಯಲ್ಲಲ್ಲ. ಇಲ್ಲಿ. ಇಷ್ಟನ್ನಾದರೂ ತಪ್ಪದೆ ಕೇಳಬೇಕು:

ಅಧ್ಯಕ್ಷರೇ, ಡಾಕ್ಟರು ತಮ್ಮ ಆಕ್ಷೇಪ ಬಿಟ್ಟುಕೊಡುತ್ತೇನೆಂದು ನಿಮಗೆ ಯಾವತ್ತಾದರೂ ಹೇಳಿದ್ದರೇ? ಹೌದು ಅಥವಾ ಇಲ್ಲ. ಇಷ್ಟು ಜನ ಕೇಳುವ ಹಾಗೆ, ಅವರ ಮುಖ ನೋಡಿಕೊಂಡು, ಈಗಲೇ —