ಪಕ್ಕದ ಹಗ್ಗದಿಂದ

ಪ್ರೀತಿಯ ಭಾವನಿಗೆ,

ಮೊದಲು ಊಟ ಮಾಡಿ. ಈ ಕಾಗದವನ್ನು ನಿಮ್ಮ ಡಬ್ಬಿಯ ಮೇಲೆ ಸಿಕ್ಕಿಸಿಡುತ್ತೇನೆ. ಇದು ಕಂಡೊಡನೆ ಸಿಟ್ಟು ಬಂದು, ಇನ್ಸುಲಿನ್ ಚುಚ್ಚಿಕೊಂಡ ಹೊಟ್ಟೆಯನ್ನು ಖಾಲಿ ಬಿಟ್ಟು ಎದ್ದು ಹೋಗಬೇಡಿ. ನನ್ನ ಮೇಲಿನ ಕೋಪವನ್ನು ಅನ್ನದ ಮೇಲೆ ತೋರಿಸಬೇಡಿ. ಉಂಡು ಕೈ ತೊಳೆದು ಓದಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ.

ನೀವು ಮಾತು ಬಿಟ್ಟು ವಾರವಾಗುತ್ತಾ ಬಂತು. ಕೆಳಗಿನ ಅಂತಸ್ತಿನ ಬಾಗಿಲುಗಾಜನ್ನು ನೀವು ಹೊರಗಿನಿಂದ ಒರೆಸುತ್ತೀರಿ, ನಾನು ಒಳಗಿನಿಂದ. ನಡುವೆ ಇರುವುದು ಬೆರಳು ದಪ್ಪದ ಗಾಜು. ಆದರೂ ನೀವು ನನ್ನ ಮುಖ ನೋಡುವುದಿಲ್ಲ. ಮೊನ್ನೆ ಎಲ್ಲರ ಎದುರಿಗೆ ಮೇಸ್ತ್ರಿಗೆ ಹೇಳಿದಿರಿ, "ನನ್ನ ಬಾಮೈದನಿಗೆ ಇನ್ನು ಸ್ಟೂಲ್ ಹತ್ತೋಕೂ ಒಬ್ಬರು ಕೈ ಹಿಡೀಬೇಕು." ಎಲ್ಲರೂ ನಕ್ಕರು. ನಾನೂ ನಕ್ಕೆ. ಎತ್ತರ ಕಂಡರೆ ತಲೆ ಸುತ್ತುತ್ತದೆ, ಇನ್ನು ಕಟ್ಟಡದ ಹೊರಗೆ ಹಗ್ಗಕ್ಕೆ ಇಳಿದು ಗಾಜು ತೊಳೆಯಲಾರೆ ಎಂದು ಮೇಸ್ತ್ರಿಯ ಬಳಿ ಹೋಗಿ ಹೇಳಿದವನು ನಾನೇ ತಾನೆ. ಜೋಡಿ ಇಲ್ಲದೆ ಯಾರೂ ಹಗ್ಗಕ್ಕೆ ಇಳಿಯುವಂತಿಲ್ಲ. ನನ್ನಿಂದಾಗಿ ನೀವೂ ನೆಲಕ್ಕೆ ಬಂದಿರಿ. ನನಗೆ ಗಂಟು ಹಾಕುವುದನ್ನು ಕಲಿಸಿದವರಿಗೆ ಇದಕ್ಕಿಂತ ಅವಮಾನವಿಲ್ಲ, ಗೊತ್ತು.

ಈಗ ನಾನು ನಿಮಗೆ ಹೇಳದೆ ಬಿಟ್ಟಿದ್ದನ್ನು ಹೇಳುತ್ತೇನೆ.

ಆ ನೀಲಿ ಗಾಜಿನ ಕಟ್ಟಡದ ಬೆಳಗ್ಗೆ ನೆನಪಿದೆಯೆ? ನಿಮಗೆ ಅರ್ಧ ಮಾತ್ರ ನೆನಪಿರುತ್ತದೆ. ನೀವು ಎಂದಿನಂತೆ ಒಳಗೆ ಕೂತವರಿಗೆಲ್ಲ ಹೆಸರಿಡುತ್ತಿದ್ದಿರಿ. ಗಲ್ಲಕ್ಕೆ ಕೈ ಕೊಟ್ಟು ಕೂತವನು ಹಲ್ಲುನೋವಿನ ಸಾಹೇಬ, ಕುರ್ಚಿಯಲ್ಲಿ ಸುತ್ತುತ್ತಿದ್ದವಳು ಬುಗುರಿ ಮೇಡಂ. ಹಗ್ಗದ ಮೇಲೆ ನಿಮ್ಮ ಮಾತು ಕೇಳುತ್ತಿದ್ದರೆ ನನಗೆ ಕೆಳಗೆ ನೋಡುವ ಗೊಡವೆಯೇ ಇರುವುದಿಲ್ಲ. ಅಂದು ಆ ಮಾತು ಥಟ್ಟನೆ ನಿಂತುಹೋಯಿತು. ಸೋಪು ಹಾಕುತ್ತಿದ್ದ ನಾನು ತಿರುಗಿ ನೋಡಿದರೆ ನೀವು ಒಂದೇ ಗಾಜನ್ನು ಒರೆಸುತ್ತಲೇ ಇದ್ದೀರಿ. ಸೋಪು ಹೋಗಿತ್ತು, ನೀರು ಹೋಗಿತ್ತು, ಒಣಗಿದ ಗಾಜಿನ ಮೇಲೆ ವೈಪರ್ ಕಿರ್ ಕಿರ್ ಎನ್ನುತ್ತಿತ್ತು. ಒಳಗಿದ್ದ ಬುಗುರಿ ಮೇಡಂ ನೀವು ತಮಾಷೆ ಮಾಡುತ್ತಿದ್ದೀರೆಂದು ನಗುತ್ತಾ ಕೈ ಬೀಸುತ್ತಿದ್ದಳು.

"ಭಾವ" ಎಂದೆ. ನೀವು ನನ್ನನ್ನು ಗುರುತು ಸಿಗದವರ ಹಾಗೆ ನೋಡಿದಿರಿ. "ಬಿಗೀತಾ ಇದೆ" ಎಂದಿರಿ. ವೈಪರ್ ಬಿಟ್ಟ ಕೈ ಸೊಂಟಕ್ಕೆ ಹೋಯಿತು. ಬೆಲ್ಟಿನ ಬಕಲ್ ಬಿಚ್ಚತೊಡಗಿದಿರಿ.

ಭಾವ, ನೀವು ಬಕಲ್ ಬಿಚ್ಚುತ್ತಿದ್ದಿರಿ. ಕೂತ ಹಲಗೆಯನ್ನು ಬಿಟ್ಟರೆ ನಿಮ್ಮನ್ನು ಹಿಡಿದದ್ದು ಅದೊಂದೇ. ಮನೆಗೆ ಬಂದು ಅಂಗಿ ಬಿಚ್ಚುವವರ ಹಾಗೆ, ಅಷ್ಟೇ ನೆಮ್ಮದಿಯಿಂದ. ನಾನು ಗಾಜಿಗೆ ಕಾಲು ಕೊಟ್ಟು ಜೀಕಿ ಬಂದು ನಿಮ್ಮ ಕೈ ಹಿಡಿದೆ. ಬಕಲಿನ ನಾಲಿಗೆ ಆಗಲೇ ಅರ್ಧ ಹೊರಗೆ ಬಂದಿತ್ತು. ಅದನ್ನು ಒಳಕ್ಕೆ ತಳ್ಳಿ, ಸಕ್ಕರೆ ಇಳಿದಿರಬೇಕೆಂದು ಹೊಳೆದು, ಜೇಬಿನ ಜ್ಯೂಸ್ ಪೊಟ್ಟಣವನ್ನು ಹಲ್ಲಿನಿಂದ ಹರಿದು ನಿಮ್ಮ ಬಾಯಿಗೆ ಹಿಡಿದೆ. ಒಲ್ಲೆನೆಂದು ನನ್ನ ಬೆರಳು ಕಚ್ಚಿದಿರಿ, ಆಮೇಲೆ ಹೇಗೋ ಕುಡಿದಿರಿ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. "ಯಾಕೋ ಕೈ ಹಿಡ್ಕೊಂಡಿದ್ದೀಯ? ನಿಮ್ಮಕ್ಕ ಒಬ್ಬಳು ಸಾಕು ನನಗೆ" ಎಂದು ನಕ್ಕಿರಿ. ಬೆರಳಿಗೇನಾಯಿತೆಂದು ಅಕ್ಕ ಕೇಳಿದಾಗ ಬಾಗಿಲಿಗೆ ಸಿಕ್ಕಿತು ಎಂದೆ.

ಅಂದಿನಿಂದ ನನಗೆ ಭಯ. ಹಗ್ಗದ ಭಯವಲ್ಲ, ಗಾಳಿಯ ಭಯವಲ್ಲ. ನಿಮ್ಮ ಮಾತು ಒಂದು ಕ್ಷಣ ನಿಂತರೆ ಗಾಜು ಬಿಟ್ಟು ನಿಮ್ಮತ್ತ ತಿರುಗುತ್ತಿದ್ದೆ. ನೀವು ಕೆಮ್ಮಲು ನಿಲ್ಲಿಸಿದರೂ ಸಾಕು, ಕೈ ಜೇಬಿನ ಜ್ಯೂಸ್ ಪೊಟ್ಟಣಕ್ಕೆ ಹೋಗುತ್ತಿತ್ತು. ಅರ್ಧ ಕಣ್ಣು ಗಾಜಿನ ಮೇಲೆ, ಒಂದೂವರೆ ಕಣ್ಣು ನಿಮ್ಮ ಬಕಲಿನ ಮೇಲೆ ಇಟ್ಟು ಕೆಲಸ ಮಾಡಿದೆ. ನಾನು ತೊಳೆದ ಗಾಜಿನಲ್ಲಿ ಗೆರೆ ಉಳಿಯುತ್ತದೆಂದು ನೀವೇ ಬೈದಿರಿ.

ಅದಾದ ಮೇಲೆ ನಾನೂ ಜೊತೆಗೆ ಬಂದಾಗ ಕ್ಲಿನಿಕ್ಕಿನಲ್ಲಿ ಸಿಸ್ಟರ್ ಕೇಳಿದರಲ್ಲ, ಸಕ್ಕರೆ ಇಳಿದಾಗ ಕೈ ನಡುಗುತ್ತದೆಯೆ, ಬೆವರುತ್ತದೆಯೆ ಎಂದು. "ನನಗೆ ಇಳಿಯೋದೇ ಇಲ್ಲ ಸಿಸ್ಟರ್" ಎಂದಿರಿ, ಎದೆಯುಬ್ಬಿಸಿ. ಅವರು ನಿಮ್ಮ ಸಕ್ಕರೆ ಅಳೆಯುವ ಮೀಟರ್ ತಿರುಗಿಸಿ ತೋರಿಸಿದರು. ಇಳಿದಿತ್ತು, ಮತ್ತೆ ಮತ್ತೆ ಇಳಿದಿತ್ತು, ನಿಮ್ಮ ಮೈಗೆ ಅದು ತಿಳಿದೇ ಇರಲಿಲ್ಲ. ಅವರ ಮಾತು ನನ್ನ ತಲೆಯಲ್ಲಿ ಹಾಗೇ ಕೂತಿದೆ. "ನಾಯಿ ದಿನಾ ಬೊಗಳುತ್ತೆ, ಮನೆಯವರು ಏಳಲ್ಲ. ಕೊನೆಗೆ ನಾಯೀನೂ ಸುಮ್ಮನಾಗುತ್ತೆ. ನಿಮ್ಮ ಮೈಯೊಳಗೂ ಹಾಗೇ ಆಗಿದೆ." ಅಲ್ಲಿ ನಡೆಯುತ್ತಿರುವ ಸಂಶೋಧನೆಗೆ ಸೇರಿ ಎಂದರು. ಸಕ್ಕರೆಯನ್ನು ಸ್ವಲ್ಪ ಮೇಲೆಯೇ ಇಟ್ಟು, ಕೆಲವು ವಾರ ಒಮ್ಮೆಯೂ ಇಳಿಯಗೊಡದೆ ಕಾಯುವುದು. ತೋಳಿಗೆ ನಾಣ್ಯದಷ್ಟು ಯಂತ್ರ ಅಂಟಿಸುತ್ತಾರೆ, ಇಳಿಯತೊಡಗಿದರೆ ಅದು ಕೂಗುತ್ತದೆ. ಹಾಗೆ ಕಾಯ್ದ ಎಷ್ಟೋ ಜನರಿಗೆ ಆ ನಡುಕ, ಆ ಬೆವರು ಮರಳಿ ಬಂದಿದೆಯಂತೆ. ಎಲ್ಲರಿಗೂ ಬಂದಿಲ್ಲ, ಅದನ್ನೂ ಮುಚ್ಚಿಡಲಿಲ್ಲ ಅವರು.

ಸಕ್ಕರೆ ಮೇಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ನೀವು ಎದ್ದಿರಿ. ಮೆಟ್ಟಿಲ ಬಳಿ ಗೋಡೆ ಹಿಡಿದು, "ಅಮ್ಮ ಇದೇ ಸಕ್ಕರೆ ಏರಿ ಕುರುಡಿಯಾಗಿ ಸತ್ತಳು ಕಣೋ. ನನ್ನ ಮುಖ ಮುಟ್ಟಿ ಮುಟ್ಟಿ, ಗಡ್ಡ ಬಂತಾ ಅಂತ ಕೇಳೋಳು. ನಾನು ಹಾಗೆ ಬದುಕಲ್ಲ" ಎಂದಿರಿ. ಇಷ್ಟು ವರ್ಷ ನಿಮ್ಮನ್ನು ನೋಡಿದ್ದೆ. ಬಂಗಾರ ತೂಗುವವರ ಹಾಗೆ ತೂಗಿ ತಿನ್ನುವುದನ್ನು, ಸಕ್ಕರೆ ತುಸು ಏರಿದರೆ ಎರಡು ಹೊತ್ತು ಉಪವಾಸ ಬೀಳುವುದನ್ನು, ಡಾಕ್ಟರು ನಿಮ್ಮನ್ನು ಉಳಿದ ರೋಗಿಗಳಿಗೆ ತೋರಿಸಿ ಹೊಗಳುವುದನ್ನು. ಅದನ್ನೆಲ್ಲ ಗಟ್ಟಿತನ ಎಂದುಕೊಂಡಿದ್ದೆ. ಅದೂ ಹೆದರಿಕೆಯೇ ಎಂದು ಆ ಮೆಟ್ಟಿಲಿನ ಮೇಲೆ ತಿಳಿಯಿತು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ, ನಿಮ್ಮ ವಿಷಯದಲ್ಲಿ ಪಥ್ಯವೇ ವಿಷವಾಯಿತು.

ಮರುದಿನ ಒಬ್ಬನೇ ಹೋಗಿ ಸಿಸ್ಟರ್ ಅವರನ್ನು ಕೇಳಿದೆ, ಭಾವನ ಕಣ್ಣು ಹೋಗುತ್ತದೆಯೆ ಎಂದು. ಕಣ್ಣನ್ನು ಮೊದಲೇ ಪರೀಕ್ಷೆ ಮಾಡುತ್ತೇವೆ, ನಡುವೆಯೂ ನೋಡುತ್ತಿರುತ್ತೇವೆ, ಏರಿಸುವುದು ಅಳತೆ ಮೀರಿ ಅಲ್ಲ ಎಂದರು. "ಕುರುಡಾಗೋಕೆ ವರ್ಷಗಳು ಬೇಕು, ಬೀಳೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತಲ್ಲ" ಎಂದರು. ಅಲ್ಲಿಂದ ನೇರ ಮೇಸ್ತ್ರಿಯ ಬಳಿ ಹೋಗಿ ಪುಕ್ಕಲನಾದೆ.

ಹೌದು ಭಾವ, ತಲೆ ಸುತ್ತು ಸುಳ್ಳು. ನಿಮ್ಮನ್ನು ಕೆಳಗಿಳಿಸಲು ನನಗೆ ಬೇರೆ ದಾರಿ ಹೊಳೆಯಲಿಲ್ಲ. ಹೆದರಿದ್ದು ಮಾತ್ರ ಸುಳ್ಳಲ್ಲ.

ಆದರೆ ನನ್ನ ಉಪಾಯ ನನಗೇ ತಿರುಗಿ ಬಿತ್ತು. ಸೋಮವಾರದಿಂದ ನಿಮಗೆ ಹೊಸ ಜೋಡಿ ಬರುತ್ತಾನಂತೆ. ಒಳ್ಳೆಯವನೇ ಇರಬಹುದು. ನಿಮ್ಮ ಮಾತು ನಿಂತರೆ, ಸದ್ಯ ಸುಮ್ಮನಾದರಲ್ಲ ಎಂದು ಖುಷಿಪಡುತ್ತಾನೆ. ನೀವು ಒಣಗಾಜು ಒರೆಸಿದರೆ, ಎಂಥ ಕೆಲಸಗಾರ ಎಂದುಕೊಳ್ಳುತ್ತಾನೆ. ಅದಕ್ಕೇ ಈ ಕಾಗದ.

ಶನಿವಾರ ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲಲ್ಲಿ ಕಾಯುತ್ತಿರುತ್ತೇನೆ. ಬನ್ನಿ, ಸೇರಿಕೊಳ್ಳಿ. ನಿಮ್ಮ ನಡುಕ ಮರಳುವವರೆಗೆ ಇಬ್ಬರೂ ಕೆಳಗೆ ಬಾಗಿಲು ಒರೆಸೋಣ, ಪುಕ್ಕಲನೆಂಬ ಹೆಸರು ನನಗೇ ಇರಲಿ. ಬರದಿದ್ದರೆ ಆ ಬಕಲಿನ ಕತೆಯನ್ನು ಮೇಸ್ತ್ರಿಗೂ ಹೇಳುತ್ತೇನೆ, ಅಕ್ಕನಿಗೂ ಹೇಳುತ್ತೇನೆ. ನಿಮ್ಮ ಹಗ್ಗದ ಕೆಲಸ ಹೋಗಬಹುದು. ಆಮೇಲೆ ನೀವು ಜನ್ಮದಲ್ಲಿ ನನ್ನ ಮುಖ ನೋಡದಿದ್ದರೂ ಸರಿ. ನೋಡದೆ ಇರುವುದಕ್ಕಾದರೂ ನೀವು ಇರಬೇಕಲ್ಲ.

ಚಿಕ್ಕವನು ದೊಡ್ಡವರನ್ನು ಹರಸಬಾರದು, ಆದರೂ ಹರಸುತ್ತೇನೆ. ನಿಮ್ಮ ಕೈ ಗಡಗಡ ನಡುಗಲಿ, ಭಾವ. ಎದೆ ಡವಡವ ಹೊಡೆದುಕೊಳ್ಳಲಿ, ಹಣೆಯ ಬೆವರು ಕಣ್ಣಿಗೆ ಇಳಿಯಲಿ. "ಲೋ, ನನಗೇನೋ ಆಗ್ತಾ ಇದೆ" ಎಂದು ನೀವೇ ಒಮ್ಮೆ ಹೆದರಿ ನನ್ನನ್ನು ಕೂಗಿರಿ. ಪಕ್ಕದ ಹಗ್ಗದಲ್ಲೇ ಇರುತ್ತೇನೆ.

ನೀವು ಕಚ್ಚಿದ ಬೆರಳಿನಿಂದಲೇ ಇಷ್ಟನ್ನೂ ಬರೆದ,
ನಿಮ್ಮ ಪುಕ್ಕಲು ಬಾಮೈದ